ಕೂಸಿನ ತೋಳಿನ ಅಳತೆ

ಬಿಬಿಜಾನಳಿಗೆ ಗೊತ್ತಿದ್ದಂತೆ ಮೈಗೆ ಅಳತೆ ಹಿಡಿಯುವುದು ಅಂಗಿಗೆ, ಇಲ್ಲವೇ ಹೆಣಕ್ಕೆ ಹೊದಿಸುವ ಕಫನದ ಬಟ್ಟೆಗೆ. ಜೀಪಿನಲ್ಲಿ ರಾವೂರಿಗೆ ಬಂದಿದ್ದ ಡಾಕ್ಟರಬಾಯಿ ಅಂಗಿಯನ್ನಂತೂ ಹೊಲಿಯುವವಳಲ್ಲ. ಅವಳು ಓಣಿಯ ಮಕ್ಕಳ ತೋಳಿಗೆ ಟೇಪು ಸುತ್ತುವುದನ್ನು ಕಂಡು ಬಿಬಿಜಾನ್ ಅಂಜಿದಳು. ಸೊರಗಿದ ಕೂಸು ಮೆಹತಾಬಳನ್ನು ಒಳಗೆ ಕೌದಿಯಡಿ ಬಚ್ಚಿಟ್ಟು, ಗಟ್ಟಿಮುಟ್ಟಾಗಿದ್ದ ಹಿರಿಮಗನನ್ನಷ್ಟೇ ಮುಂದೆ ಬಿಟ್ಟಳು.

ಅಳತೆ ಮುಗಿಸಿ ಡಾಕ್ಟರಬಾಯಿ ನಕ್ಕಳು. "ನಿಮ್ಮ ಓಣ್ಯಾಗ ಮಕ್ಕಳು ಭಾಳ ಛಲೋ ಅದಾವ್ರಿ. ಹಾಲಿನಪುಡಿ ಯಾವ ಊರಿಗೆ ಕೊಡಬೇಕಂತ ಸರಕಾರ ಈ ಅಳತಿ ನೋಡೇ ಹೇಳ್ತದ. ನಿಮಗ ಬೇಕಾಗಂಗಿಲ್ಲ ಬಿಡ್ರಿ."

ಜೀಪು ಗುರುಗುಟ್ಟಿತು. ಒಳಗೆ ಮೆಹತಾಬ ಅತ್ತಳು. ಆ ಅಳುವಿಗೂ ಬಲವಿರಲಿಲ್ಲ. ಬಿಬಿಜಾನ್ ಒಳಗೆ ಓಡಿದಳು. ಕೂಸನ್ನೆತ್ತಿಕೊಂಡು ಓಡಿ ಬಂದು ಜೀಪಿಗೆ ಅಡ್ಡ ನಿಂತಳು.

"ಇದನ್ನೂ ಅಳೀರಿ ಬಾಯಾರ. ಅಂಜಿ ಒಳಗಿಟ್ಟಿದ್ದೆ."

ಟೇಪು ಸುತ್ತುವಾಗ ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿದ್ದಳು. ತೆರೆದಾಗ ಡಾಕ್ಟರಬಾಯಿಯ ಮುಖದಲ್ಲಿ ನಗು ಇರಲಿಲ್ಲ.

"ಇಂಥ ಕೂಸುಗಳು ಇನ್ನೂ ಅದಾವೇನ್ರಿ?"

ಬಿಬಿಜಾನ್ ಓಣಿಯುದ್ದಕ್ಕೂ ನೋಡಿದಳು. ಹಾಡಹಗಲಲ್ಲೇ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು.