ಆಯ್ತು ಅಂದ ಮೇಲೆ

ಓಂಕಾರಮೂರ್ತಿ ನಮ್ಮ ಬಸ್ ಕಂಪನಿಗೆ ಮ್ಯಾನೇಜರ್ ಆಗಿ ಬಂದದ್ದು ಸಾಹುಕಾರರ ಅಳಿಯ ಅನ್ನುವ ಒಂದೇ ಅರ್ಹತೆಯಿಂದ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಆಡಳಿತದ ಬಗ್ಗೆ ಅದೇನೋ ತರಬೇತಿ ಮುಗಿಸಿಕೊಂಡು ತರೀಕೆರೆಗೆ ವಾಪಸ್ಸಾದ. ಅಂದಿನಿಂದ ನಮ್ಮೆಲ್ಲರ ಬಾಯಿಗೆ ಬೀಗ ಬಿತ್ತು. ಮ್ಯಾನೇಜರ್ ಏನು ಹೇಳಿದರೂ "ಆಯ್ತು ಸಾರ್" ಅನ್ನಬೇಕು, ಅಷ್ಟೇ. "ಆದ್ರೆ" ಅಂದವರು ಗೇಟಿನ ಹೊರಗೆ, ಬಿಸಿಲಲ್ಲಿ, ಬಸ್ ಕಾಯುವ ಜನರ ಕಣ್ಣೆದುರು ನಿಲ್ಲಬೇಕು. ತಲೆ ನರೆತ ಕಂಡಕ್ಟರ್ ಜವರಯ್ಯನನ್ನೂ ಹಾಗೆ ನಿಲ್ಲಿಸಿದ. ಆಫೀಸಿನ ಕಿಟಕಿಯಿಂದ ಅದನ್ನು ನೋಡುತ್ತ ಟೈಪ್ ಮಾಡುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಇದಕ್ಕೆ ಡಿಸಿಪ್ಲಿನ್ ಅನ್ನುತ್ತಿದ್ದ.

ಮೆಕ್ಯಾನಿಕ್ ಮುನೀರ್ ಪಾಷಾ ಏನೂ ದೇವರಂಥ ಮನುಷ್ಯನಲ್ಲ. ಎಲೆಯಡಿಕೆ ಉಗಿದು ಉಗಿದು ಶೆಡ್ಡಿನ ಗೋಡೆಯನ್ನೆಲ್ಲ ಕೆಂಪು ಮಾಡಿಟ್ಟಿದ್ದ. ಅತ್ತ ಹೋಗಲು ನನಗೆ ಹೇಸಿಗೆ. ಬಾಯಿ ಬಿಟ್ಟರೆ ವಟವಟ. ಅಂಥವನಿಗೆ ಈ ಕಾನೂನು ಉಸಿರು ಕಟ್ಟಿಸಿತ್ತು. ಆದರೂ ಮಗಳ ನಿಕಾಹ್ ಗೊತ್ತಾಗಿತ್ತು, ಕೆಲಸ ಕಳೆದುಕೊಳ್ಳುವ ಹಾಗಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ.

ಒಂದು ಬೆಳಿಗ್ಗೆ ಶಿವನಿ ಊರಿಗೆ ಹೋಗುವ ಬಸ್ಸಿನ ಡ್ರೈವರ್ ಕಲ್ಲೇಶಪ್ಪ ಆಫೀಸಿಗೆ ಬಂದು, ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ ಅಂದ. ಮ್ಯಾನೇಜರ್ ಮುನೀರನನ್ನು ಕರೆಸಿದ. ಕಲ್ಲೇಶಪ್ಪನೂ ನಾನೂ ಅಲ್ಲೇ ಇದ್ದೆವು.

"ಶಿವನಿ ಗಾಡಿ ಬ್ರೇಕ್ ಸರಿ ಮಾಡಯ್ಯ."

"ಸಾರ್, ಬ್ರೇಕಿನ ಲೈನರ್ ಸವೆದೋಗೈತೆ. ಹೊಸದು ಕಡೂರಿಂದ ಬರ್ಬೇಕು. ಅಲ್ಲೀಗಂಟ ಗಾಡಿ…"

"ಏನಯ್ಯಾ ಅನ್ನಬೇಕು ನೀನು?"

ಮುನೀರ್ ಗೇಟಿನ ಕಡೆ ನೋಡಿದ. "ಆಯ್ತು ಸಾರ್."

ಆಯ್ತು ಅಂದರೆ ಕೆಲಸ ಮುಗಿಯಿತು ಅಂತಲೂ ಹೌದು, ನೀವು ಹೇಳಿದ್ದು ಕೇಳಿಸಿತು, ಮಾಡೋಣ ಬಿಡಿ ಅಂತಲೂ ಹೌದು. ಯಾವಾಗ ಯಾವುದು ಅಂತ ತಿಳಿಯಬೇಕಾದರೆ ಮುಂದೆ ಇನ್ನೊಂದು ಮಾತಾಡಲು ಬಿಡಬೇಕು. ಮಧ್ಯಾಹ್ನ ಮುನೀರ್ ಬೇರೆ ಗಾಡಿಯ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. ಮ್ಯಾನೇಜರ್ ಕುರ್ಚಿಯಿಂದ ಏಳದೆ, "ಮುನೀರ್, ಶಿವನಿ ಗಾಡಿ ಬ್ರೇಕ್!" ಎಂದು ಕೂಗಿದ. ಇನ್ನೊಂದು ಸಲ ಜ್ಞಾಪಿಸುತ್ತಿದ್ದಾನೆ ಅಂದುಕೊಂಡ ಮುನೀರ್ ಅಲ್ಲಿಂದಲೇ "ಆಯ್ತು ಸಾರ್!" ಅಂದ. ಕೆಲಸ ಆಗಿದೆ ಎಂದು ತಿಳಿದ ಮ್ಯಾನೇಜರ್ ಬಸ್ಸು ಬಿಡಿಸಿದ.

ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಎಮ್ಮೆ ಅಡ್ಡ ಬಂತು. ಬ್ರೇಕು ಹಿಡಿಯಲಿಲ್ಲ. ಪುಣ್ಯಕ್ಕೆ ಬಸ್ಸು ನೀರಿನ ಕಡೆ ವಾಲದೆ ಮರಕ್ಕೆ ಗುದ್ದಿ ನಿಂತಿತು. ಆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಜವರಯ್ಯನ ಕೈ ಮುರಿಯಿತು.

ಮಾರನೆಯ ದಿನ ಸಾಹುಕಾರ ದೇವೀರಪ್ಪನವರ ಎದುರು ವಿಚಾರಣೆ.

"ಆಯ್ತು ಅಂದೆಯೋ ಇಲ್ವೋ?" ಎಂದು ಮ್ಯಾನೇಜರ್ ಕೇಳಿದ.

"ಅಂದೆ ಸಾರ್. ಮಾಡ್ತೀನಿ ಅಂತ ಅಂದೆ. ಲೈನರ್ ಬಂದಿಲ್ಲ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ. ಕಲ್ಲೇಶಣ್ಣ ಇದ್ರು, ಕೇಳಿ ಬೇಕಾದ್ರೆ."

ಕಲ್ಲೇಶಪ್ಪ ವರ್ಷಗಟ್ಟಲೆ ಮುನೀರನ ಬೀಡಿ ಸೇದಿದವನು, ಅವನ ಮನೆಯ ಹಬ್ಬದ ಪಾಯಸ ಕುಡಿದವನು. ಹಣೆಯ ವಿಭೂತಿ ಮುಟ್ಟಿಕೊಂಡು, "ನಂಗೆ ಆಯ್ತು ಅಂದಿದ್ದೊಂದೇ ಕೇಳಿಸಿದ್ದು ಸಾಹುಕಾರ್ರೇ" ಅಂದ.

"ಸುಳ್ಳು! ಲೈನರ್ ವಿಷಯ ಹೇಳಿದ್ದು ನಾನೇ ಕೇಳಿಸ್ಕೊಂಡಿದೀನಿ" ಅಂದೆ.

"ಮಲ್ಲಿಕಾಂಬ ಅವರೇ, ನಿಮ್ಮ ಕೆಲಸ ಟೈಪ್ ಮಾಡೋದು" ಅಂದ ಮ್ಯಾನೇಜರ್. ಸಾಹುಕಾರರು ಅಳಿಯನ ಮುಖ ನೋಡಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಮುನೀರನ ಕೆಲಸ ಹೋಯಿತು. ಅವನು ಸೈಕಲ್ ತಳ್ಳಿಕೊಂಡು ಹೊರಟುಹೋದ. ಥೂ, ಇಂಥವರ ಜೊತೆ ಒಂದೇ ಲೋಟದಲ್ಲಿ ನೀರು ಕುಡಿಯುತ್ತೇನಲ್ಲ ಅನ್ನಿಸಿತು.

ಕೆಲವೇ ದಿನಗಳಲ್ಲಿ ಬಸ್ಸಿನ ಮೂತಿ ಬಡಿದು ನೆಟ್ಟಗೆ ಮಾಡಿ, ಬಣ್ಣ ಬಳಿದು ಗೇಟಿನ ಹತ್ತಿರ ತಂದು ನಿಲ್ಲಿಸಿದರು. ಎಲ್ಲ ರಿಪೇರಿ ಆಗಿದೆ ಎಂದು ಮ್ಯಾನೇಜರ್ ಹೇಳಿದ. ಒಳಗೆ ಹೆಂಗಸರು, ಮಕ್ಕಳು, ಸಂತೆಯ ಮೂಟೆಗಳು. ಕಲ್ಲೇಶಪ್ಪ ಸೀಟಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ. ನಾನು ಆಗ ತಾನೇ ಬಂದು, ಕೊಡೆ ಇಡಲು ಆಫೀಸಿನ ಮೂಲೆಗೆ ಬಗ್ಗಿದೆ. ಕಡೂರಿನಿಂದ ಬಂದಿದ್ದ ಲೈನರ್ ಪೊಟ್ಟಣ ದಾರ ಕೂಡ ಬಿಚ್ಚದೆ ಅಲ್ಲೇ ಬಿದ್ದಿತ್ತು. ಹಾಕುವವನನ್ನು ಮನೆಗೆ ಕಳಿಸಿದ್ದರಲ್ಲ!

ಪೊಟ್ಟಣ ಎತ್ತಿಕೊಂಡು ಓಡಿ ಬಸ್ಸಿನ ಮುಂದೆ ನಿಂತೆ. "ಇಳೀರಿ ಎಲ್ರೂ! ಮುನೀರ್ ಹೇಳಿದ್ದ ಲೈನರ್ ಇಲ್ಲೇ ಐತೆ, ಬ್ರೇಕ್ ಇನ್ನೂ ಸರಿ ಮಾಡಿಲ್ಲ ಕಣ್ರೀ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಏಳುವ ಮೊದಲೇ ಮುಂದಿನ ಬಾಗಿಲು ದಢಾರನೆ ತೆರೆಯಿತು. ಎಲ್ಲರಿಗಿಂತ ಮೊದಲು ಕೆಳಗೆ ಹಾರಿದವನು ಕಲ್ಲೇಶಪ್ಪ.