ಹಿಗ್ಗದ ನಾಳ

ತೋಳಿನ ರಕ್ತನಾಳ ಹಿಗ್ಗುತ್ತದೋ ಇಲ್ಲವೋ ಎಂದು ಅಳೆಯುವುದು ನನ್ನ ಕೆಲಸ. ಹೃದ್ರೋಗಿಯ ಮುಂಗೈಗೆ ಪಟ್ಟಿ ಬಿಗಿದು, ಐದು ನಿಮಿಷ ರಕ್ತ ತಡೆದು, ಬಿಟ್ಟು, ನಾಳದ ಚಿತ್ರವನ್ನೂ ರಕ್ತ ಹರಿಯುವ ಸದ್ದನ್ನೂ ಸ್ಕ್ಯಾನ್ ಯಂತ್ರದಲ್ಲಿ ದಾಖಲಿಸುತ್ತೇನೆ. ನಾಳದ ಒಳಪದರ ನೆಟ್ಟಗಿದ್ದರೆ ನುಗ್ಗಿ ಬಂದ ರಕ್ತಕ್ಕೆ ದಾರಿಬಿಟ್ಟು ನಾಳ ಅಗಲವಾಗುತ್ತದೆ. ಆಗದಿದ್ದರೆ ಡಾಕ್ಟರಮ್ಮ ಅವತ್ತೇ ಮಾತ್ರೆ ಬದಲಿಸುತ್ತಾರೆ. ರೋಗಿ ಕೈ ಅಲುಗಿಸಿದರೆ ಮಾತ್ರ ಅಳತೆ ಕೆಟ್ಟಿತೆಂದು ಬದಿಗಿಟ್ಟು ಮುಂದಿನ ವಾರ ಕರೆಯುವುದು.

ಆರು ತಿಂಗಳ ಹಿಂದೆ ಆ ಮಂಚದ ಮೇಲೆ ಮಲಗಿದ್ದವನು ನನ್ನ ಅಣ್ಣ. ಬಸ್ಸು ಓಡಿಸುವವನು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು.

"ಏನೇ, ಚಿಕ್ಕೋಳಿದ್ದಾಗ ಜಡೆ ಎಳೆದಿದ್ದಕ್ಕೆ ಈಗ ಸೇಡು ತೀರಿಸ್ಕೊಳ್ತಿದ್ದೀಯಾ?"

"ಬಾಯ್ಮುಚ್ಕೊಂಡು ಬಿದ್ಕೋ, ಅಳತೆ ಕೆಡುತ್ತೆ."

ಅವನು ನಕ್ಕ. ಪಟ್ಟಿ ಬಿಟ್ಟೆ. ನಾಳ ಕೂದಲೆಳೆಯಷ್ಟೂ ಅಗಲವಾಗಲಿಲ್ಲ. ನಕ್ಕನಲ್ಲ, ಕೈ ಅಲುಗಿರಬೇಕು ಎಂದುಕೊಂಡು ಅಳತೆ ಕೆಟ್ಟಿತೆಂದು ಬರೆದೆ. ಬೇರೆ ಯಾರದ್ದಾಗಿದ್ದರೂ ಹಾಗೆ ಬರೆಯುತ್ತಿರಲಿಲ್ಲ. ಮುಂದಿನ ವಾರ ಬಾ ಎಂದೆ. ನಾಲ್ಕನೇ ದಿನ ಬಸ್ ಡಿಪೋದಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

ಅಂದಿನಿಂದ ಆ ಕೋಣೆ ನನ್ನನ್ನು ಬಿಟ್ಟಿಲ್ಲ. ಯಾರ ರಕ್ತ ಹರಿದರೂ ಯಂತ್ರದ ಶುಸ್ ಶುಸ್ ಸದ್ದಿನಲ್ಲಿ ಅವನೇ ಉಸಿರಾಡಿದಂತೆ ಕೇಳುತ್ತದೆ. ಖಾಲಿ ಮಂಚಕ್ಕೆ ಬೆನ್ನು ತಿರುಗಿಸಲೂ ಭಯ. ಕೈ ಅಲುಗಿತ್ತು, ಅಲುಗಿತ್ತು ಎಂದು ದಿನಾ ಹೇಳಿಕೊಳ್ಳುತ್ತೇನೆ.

ಇವತ್ತು ಡಾಕ್ಟರಮ್ಮ, ಅಳತೆ ಕೆಟ್ಟು ಮತ್ತೆ ಬಾರದವರ ದಾಖಲಾದ ಚಿತ್ರಗಳನ್ನೆಲ್ಲ ಮರುಪರಿಶೀಲನೆಗೆಂದು ಹೆಸರು ಮುಚ್ಚಿ ನೋಡಲು ಕೂತರು. ಪಕ್ಕದಲ್ಲಿ ನಾನು. ಏಳನೆಯದು ತೆರೆದ ಕೂಡಲೇ ಗುರುತು ಸಿಕ್ಕಿತು. ಆ ನಾಳ ಕವಲೊಡೆದ ರೀತಿ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಸದ್ದು ಶುರುವಾಯಿತು. ಸತ್ತವನ ರಕ್ತ ಕೋಣೆ ತುಂಬ ಹರಿಯಿತು. ಅಲುಗಲಿ ದೇವರೇ, ಒಂದೇ ಒಂದು ಸಲ ಅಲುಗಲಿ ಎಂದು ಬೇಡಿಕೊಂಡೆ. ಕೊನೆಯವರೆಗೂ ಚಿತ್ರ ಒಂದಿಷ್ಟೂ ಜರುಗಲಿಲ್ಲ.

"ಇದನ್ನ ಯಾರ್ರೀ ಬದಿಗಿಟ್ಟಿದ್ದು? ಕೈ ಎಲ್ಲಿ ಅಲುಗಿದೆ?" ಡಾಕ್ಟರಮ್ಮ ರೇಗಿದರು.

ನಾನು ಅದನ್ನೇ ಮತ್ತೆ ಮೊದಲಿನಿಂದ ಓಡಿಸಿದೆ.

"ಒಳಪದರ ಪೂರ್ತಿ ಸೋತಿದೆ. ಪಾಪ, ಏನೂ ಗೊತ್ತಿಲ್ದೆ ಓಡಾಡ್ಕೊಂಡಿರ್ತಾರೆ." ಫೋನನ್ನು ನನ್ನತ್ತ ತಳ್ಳಿದರು. "ಈಗ್ಲೇ ಕರೆಸಿ. ಮಾತ್ರೆ ಬದಲಾಯಿಸಿದ್ರೆ ಸುಧಾರಿಸ್ಕೊಳ್ತಾರೆ."