ವೀರಮ್ಮ ಬರೆದ ಎರಡು ಮುಖ

ಶಾಲೆಗೆ ಹೋಗು ಎಂದರೆ ಹೊಟ್ಟೆನೋವು ಎನ್ನುವ ಮಕ್ಕಳು ಯಾವ ಊರಲ್ಲಿಲ್ಲ? ಆದರೆ ಹಿರೇಗುಂಟನೂರಿನ ವೀರಮ್ಮ ಅಂಥ ಹುಡುಗಿಯಲ್ಲ. ಆರನೇ ತರಗತಿ, ಓದಿನಲ್ಲಿ ಚುರುಕು. ಅಂಥವಳು ಒಂದು ಬೆಳಿಗ್ಗೆ ಕೆರೆ ಏರಿಯವರೆಗೆ ಹೋಗಿ, ವಾಪಸು ಓಡಿಬಂದು ಮೂಲೆ ಹಿಡಿದಳು. ಊರಾಚೆಯ ಅವರ ಹಟ್ಟಿಯಿಂದ ಶಾಲೆಗೆ ಬೇರೆ ದಾರಿಯಿಲ್ಲ. ಕುರಿ ಸಾಕುವ ತಾತ ಕರಿಸಿದ್ದಪ್ಪ ದೃಷ್ಟಿ ತೆಗೆಸಿದ, ತಾಯತ ಕಟ್ಟಿಸಿದ, ಮಿಠಾಯಿಯ ಆಸೆ ತೋರಿಸಿದ. ಹುಡುಗಿ ಜಪ್ಪಯ್ಯ ಎನ್ನಲಿಲ್ಲ. ಇವಳ ಓದು ಇಲ್ಲಿಗೇ ನಿಂತುಹೋಗುತ್ತದೇನೋ ಎಂದು ಮುದುಕನಿಗೆ ಅನ್ನ ಇಳಿಯದಾಯಿತು.

ಆಗ ಟೀಚರ್ ಚಂದ್ರಕ್ಕ ಮನೆಗೇ ಬಂದರು. ತರಗತಿಯ ಮಕ್ಕಳೆಲ್ಲ ಕನ್ನಡಿ ನೋಡಿಕೊಂಡು ತಮ್ಮ ಮುಖ ತಾವೇ ಬರೆದಿದ್ದಾರೆ, ವೀರಮ್ಮನದೊಂದೇ ಬಾಕಿ ಎಂದು ಕಾಗದ, ಬಣ್ಣದ ಪೆನ್ಸಿಲ್, ಕೈಗನ್ನಡಿ ತೆಗೆದಿಟ್ಟರು.

ಕರಿಸಿದ್ದಪ್ಪನಿಗೆ ರೇಗಿತು. “ಹುಡ್ಗಿ ಸ್ಕೂಲಿಗೇ ಬರಲ್ಲ ಅಂತಾಳೆ, ನೀವು ಮುಖ ಬರಿ ಅಂತೀರಲ್ರಿ ಟೀಚರಮ್ಮ. ಚಿತ್ರ ಬರದ್ರೆ ಏನ್ ಬಂತು?”

“ಬಾಯಲ್ಲಿ ಹೇಳಕ್ಕಾಗದ್ದು ಕೈಯಾಗೆ ಬರ್ತೈತೆ ತಾತ. ಸುಮ್ನೆ ಕುಂತ್ಕಂಡು ನೋಡ್ರಿ,” ಎಂದರು ಚಂದ್ರಕ್ಕ.

ವೀರಮ್ಮ ಕನ್ನಡಿಯ ಕಡೆ ತಿರುಗಿಯೂ ನೋಡದೆ ಬರೆದಳು. ತಲೆ ತುಂಬ ಸೆರಗು, ಮೂಗಿನಲ್ಲಿ ನತ್ತು, ಹಣೆಯಲ್ಲಿ ಕಾಸಗಲದ ಕುಂಕುಮ. ಮುದುಕನ ಮುಖ ಅರಳಿತು. ಗೋಡೆಯ ಫೋಟೋದಲ್ಲಿರುವ, ತೀರಿಹೋದ ಅವನ ಹೆತ್ತವ್ವ ಥೇಟ್ ಹಾಗೇ ಇದ್ದಳು. ಅವಳ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದ. ನಮ್ಮವ್ವನೇ ತಿರುಗಿ ಹುಟ್ಟಿ ಬಂದಿದ್ದಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು, ಮಗುವನ್ನು ‘ಅವ್ವ’ ಎಂದೇ ಕರೆದು ಮುದ್ದು ಮಾಡಿದ್ದ.

ಇದು ಯಾರ ಮುಖ ಎಂದು ಚಂದ್ರಕ್ಕ ಕೇಳಿದರು.

“ನಂದೇ,” ಎಂದಳು ವೀರಮ್ಮ. ಆಮೇಲೆ ತಲೆ ಎತ್ತದೆ, “ತಾತನ ಅವ್ವ ಕೆರೆಗೆ ಜಾರಿ ಬಿದ್ದು ಸತ್ಲಂತೆ. ಮೊನ್ನೆ ಅತ್ತೆ ಹೇಳಿದ್ಲು. ನಾನೇ ಅವ್ವ ಅಂದ್ಮೇಲೆ ನಾನೂ ಅಲ್ಲೇ ಸಾಯ್ಬೇಕಲ್ವಾ?” ಎಂದಳು.

ಪ್ರೀತಿಯಿಂದ ಆಡಿದ ಮಾತು ಕೂಸಿನ ಜೀವ ಹಿಂಡುತ್ತಿದೆ ಎಂದು ಕರಿಸಿದ್ದಪ್ಪನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಚಂದ್ರಕ್ಕ ಅವನನ್ನು ಬಯ್ಯಲಿಲ್ಲ. ತಾಯಿಯ ಬಣ್ಣವನ್ನೇ ಹೊತ್ತು ಹುಟ್ಟಿದ ಕುರಿಮರಿಯನ್ನು ನೀವು ತಾಯಿ ಎಂದುಕೊಳ್ಳುತ್ತೀರಾ ಎಂದು ಕೇಳಿದರು.

“ಅದೆಂಗಾಗ್ತೈತ್ರಿ? ಬಣ್ಣ ತಾಯಿದೇ ಇರ್ಬೋದು, ಮುಖ ಅದ್ರದ್ದೇ ಬ್ಯಾರೆ,” ಎಂದವನಿಗೆ ತನ್ನ ಮಾತು ತನಗೇ ಕೇಳಿಸಿತು. ಆಮೇಲೆ ಕನ್ನಡಿಯನ್ನು ತಾನೇ ಎತ್ತಿ ಮೊಮ್ಮಗಳ ಮುಂದೆ ಹಿಡಿದು, ಇನ್ನೊಂದು ಬರಿ, ಈ ಸಲ ನೋಡಿಕೊಂಡು ಬರಿ ಎಂದ.

ಈಗ ಕಾಗದದ ಮೇಲೆ ಕೂಡುಹುಬ್ಬು ಬಂತು, ಮುರಿದ ಮುಂದಿನ ಹಲ್ಲು ಬಂತು, ಕೆನ್ನೆಯ ಮೇಲೊಂದು ಮಚ್ಚೆ ಬಂತು. ವೀರಮ್ಮ ಪೆನ್ಸಿಲ್ ನಿಲ್ಲಿಸಿ, ಅವ್ವನಿಗೂ ಈ ಮಚ್ಚೆ ಇತ್ತೇ ಎಂದು ತಾತನನ್ನು ಕೇಳಿದಳು.

“ಇರ್ಲಿಲ್ಲ ಕೂಸೆ. ಹುಬ್ಬೂ ಹಿಂಗಿರ್ಲಿಲ್ಲ. ಅವ್ವ ಅವ್ವನೇ, ನೀನು ನೀನೇ. ಅವಳಿಗಾದದ್ದು ನಿಂಗ್ಯಾಕಾಗ್ತೈತೆ?”

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾಗಿ ಊಟ ಕೇಳಿದಳು. ಮರುದಿನ ತಾತನ ಕೈ ಹಿಡಿದು ಏರಿ ಹತ್ತಿದವಳು, ಅರ್ಧ ದಾರಿಯಲ್ಲಿ ಕೈ ಬಿಡಿಸಿಕೊಂಡು ಗೆಳತಿಯರ ಹಿಂದೆ ಓಡಿದಳು. ಕರಿಸಿದ್ದಪ್ಪ ಅಲ್ಲೇ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಸಮಾಧಾನದ ಉಸಿರು ಬಿಟ್ಟ.

ನೋಡಿ, ಅಪ್ಪನ ಹಾಗೆ, ಅಜ್ಜಿಯ ಹಾಗೆ, ಅಕ್ಕನ ಹಾಗೆ ಎಂದು ನಾವೆಲ್ಲ ಮಕ್ಕಳಿಗೆ ಹೇಳುವವರೇ. ಹೇಳೋಣ, ತಪ್ಪೇನಿಲ್ಲ. ಆದರೆ ತಾನು ಯಾರು ಎಂದು ಮಗುವೂ ಹೇಳಲಿ. ಶಾಲೆಯಲ್ಲಿ ಮಕ್ಕಳು ತಮ್ಮ ಮುಖ ತಾವೇ ಬರೆದರೆ ಹುಡುಗಾಟ ಎನ್ನಬೇಡಿ. ಅಂದ ಚೆಂದ ಅಳೆಯದೆ, ಪಕ್ಕದಲ್ಲಿ ಕುಳಿತು ಏನು ಬರೆದೆ ಎಂದು ಕೇಳಿ. ಹೆದರಿಕೆ ಕಂಡರೆ ಟೀಚರಿಗೆ ತಿಳಿಸಿ. ನಿಮ್ಮ ಮನೆಯ ಕೂಸು ತನ್ನ ಮುಖವನ್ನು ಹೇಗೆ ಬರೆಯುತ್ತದೆ, ನಿಮಗೆ ಗೊತ್ತೇ? ಇವತ್ತೇ ಒಂದು ಕಾಗದ, ಒಂದು ಕನ್ನಡಿ ಕೊಟ್ಟು ನೋಡಿ.